ಹಿಡಿದ ಮೊಲಕ್ಕೆ ಎಷ್ಟು ಕಾಲು? ಇಂಟೆಗ್ರಿನ್ ಬೀಟಾ-1 ಪಾಲಿಕ್ಲೋನಲ್ ಆಂಟಿಬಾಡಿಯ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುವುದು ಛಲೋ. ಆಂಟಿಬಾಡಿ ಎಂದರೆ ಒಂದು ಪ್ರೋಟೀನನ್ನು ಗುರುತಿಸಿ ಹಿಡಿಯುವ ಪ್ರತಿಕಾಯ; ಇದು ಹಿಡಿಯುವುದು ಕೋಶದ ಪೊರೆಯಲ್ಲಿರುವ ಇಂಟೆಗ್ರಿನ್ ಬೀಟಾ-1 ಎಂಬ ಪ್ರೋಟೀನನ್ನು. ವೆಸ್ಟರ್ನ್ ಬ್ಲಾಟ್‌ಗೆ (ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದಂತೆ ಬಿಡಿಸಿ ಗುರುತಿಸುವುದು) ಈ ಆಂಟಿಬಾಡಿ ಭಾಳ ಒಳ್ಳೆಯದು, ಪ್ಯಾರಾಫಿನ್ ಸೆಕ್ಷನ್‌ಗೆ (ಮೇಣದಲ್ಲಿ ಹೂತ ಅಂಗಾಂಶದ ತೆಳು ಪದರ) ಒಳ್ಳೆಯದು, ಇಮ್ಯುನೊಫ್ಲೋರೆಸೆನ್ಸ್‌ಗೆ (ಕೋಶದೊಳಗಿನ ಪ್ರೋಟೀನನ್ನು ಹೊಳೆಯುವ ಬಣ್ಣದಿಂದ ತೋರಿಸುವುದು) ನಡೆಯುತ್ತದೆ. ಜೀವಂತ ಕೋಶಗಳ ಫ್ಲೋ ಸೈಟೋಮೆಟ್ರಿಗೆಂದು (ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹರಿಸಿ ಅಳೆಯುವುದು) ಕೊಂಡರೆ ಮಾತ್ರ ನೀರಿನಲ್ಲಿ ಹೋಮ. ನಾಲ್ಕಕ್ಕೂ ಕಾರಣ ಒಂದೇ: ಇದು ಪ್ರೋಟೀನಿನ ಯಾವ ತುದಿಯನ್ನು ಹಿಡಿಯುತ್ತದೆ ಎಂಬುದು.

ವಯಲ್ ಹೀಗಿದೆ: ಮೊಲದಲ್ಲಿ ಬೆಳೆಸಿದ ಪಾಲಿಕ್ಲೋನಲ್ (ಒಂದೇ ಗುರಿ ಹಿಡಿಯುವ ಹಲವು ಆಂಟಿಬಾಡಿಗಳ ಮಿಶ್ರಣ) ಐಜಿಜಿ, ಅಂದರೆ ರಕ್ತದ ಮುಖ್ಯ ಬಗೆಯ ಆಂಟಿಬಾಡಿ, 100 ಮೈಕ್ರೋಲೀಟರ್, ಅರ್ಧದಷ್ಟು ಗ್ಲಿಸರಾಲ್ ಇರುವ ಪಿಬಿಎಸ್ (ಫಾಸ್ಫೇಟ್ ಮತ್ತು ಉಪ್ಪಿನ ದ್ರಾವಣ), ಶೇ. 0.02 ಸೋಡಿಯಂ ಅಜೈಡ್. ಮೊಲಕ್ಕೆ ಚುಚ್ಚಿದ್ದು ಮಾನವ ಇಂಟೆಗ್ರಿನ್ ಬೀಟಾ-1ರ ಕಾರ್ಬಾಕ್ಸಿ ತುದಿಯ, ಅಂದರೆ ಸರಪಳಿಯ ಕೊನೆಯ, ಪೆಪ್ಟೈಡ್ (ಪುಟ್ಟ ತುಂಡು). ಶುದ್ಧಗೊಳಿಸಿದ್ದು ಅದೇ ಪೆಪ್ಟೈಡ್ ಕೂರಿಸಿದ ಕಾಲಮ್ಮಿನಲ್ಲಿ. ಈ ಬಗೆಯ ವಯಲ್ ಹಲವು ಕಂಪನಿಗಳ ಕ್ಯಾಟಲಾಗಿನಲ್ಲಿದೆ. ಒಂದೇ ಕಡೆ ತಯಾರಾದ ಮಾಲು ಎರಡು ಮೂರು ಲೇಬಲ್ ಹಚ್ಚಿಕೊಂಡು ಮಾರಾಟವಾಗುವುದೂ ಉಂಟು. ಅದಕ್ಕೇ ಇಲ್ಲಿ ಬ್ರ್ಯಾಂಡ್ ಹೆಸರಿನ ಗೋಜಿಲ್ಲ. ಡೇಟಾಶೀಟಿನಲ್ಲಿ ‘ಇಮ್ಯುನೋಜೆನ್’ (ಮೊಲಕ್ಕೆ ಚುಚ್ಚಿದ್ದು) ಎಂದಿರುವ ಸಾಲು ನೋಡಿ, ಕೆಳಗಿನ ಮಾತು ನಿಮ್ಮ ವಯಲ್‌ಗೆ ಎಷ್ಟು ಒಪ್ಪುತ್ತದೆ ಎಂದು ನೀವೇ ಅಳೆಯಬಹುದು.

ಇಂಟೆಗ್ರಿನ್ ಎಂಬುದು 1986ರಲ್ಲಿ ರಿಚರ್ಡ್ ಹೈನ್ಸ್ ಮತ್ತು ಸಂಗಡಿಗರು ಇಟ್ಟ ಹೆಸರು. ಕೋಶದ ಹೊರಗಿನ ಜಾಲಕ್ಕೂ ಒಳಗಿನ ಆಕ್ಟಿನ್ ಎಳೆಗಳಿಗೂ ಗಂಟು ಹಾಕುವ ಜೋಡಿ ಪ್ರೋಟೀನ್ ಇದು. ಮನುಷ್ಯರಲ್ಲಿ 18 ಆಲ್ಫಾ, 8 ಬೀಟಾ. ಅವು ಕೂಡಿ 24 ಜೋಡಿ. ಅದರಲ್ಲಿ 12 ಜೋಡಿಗಳಲ್ಲಿ ಬೀಟಾ-1 ಇದ್ದೇ ಇರುತ್ತದೆ. ಅದರ 798 ಅಮೈನೋ ಆಮ್ಲಗಳಲ್ಲಿ ಹೆಚ್ಚಿನ ಪಾಲು ಕೋಶದ ಹೊರಗೆ. ಸರಪಳಿ ಪೊರೆಯನ್ನು ಒಂದೇ ಸಲ ದಾಟಿ ಒಳಗೆ ಸುಮಾರು 47 ಅಮೈನೋ ಆಮ್ಲಗಳ ಪುಟ್ಟ ಬಾಲವಾಗಿ ಮುಗಿಯುತ್ತದೆ. ಟ್ಯಾಲಿನ್ ಮತ್ತು ಕಿಂಡ್ಲಿನ್ ಎಂಬ ಪ್ರೋಟೀನುಗಳು ಬಂದು ಕೂರುವುದು ಈ ಬಾಲದ ಮೇಲೆ. ನಮ್ಮ ಮೊಲದ ಆಂಟಿಬಾಡಿ ಹಿಡಿಯುವುದೂ ಇದನ್ನೇ.

ಬಾಲ ಹಿಡಿಯುವುದರಿಂದ ಒಂದು ದೊಡ್ಡ ಲಾಭವಿದೆ. ಮನುಷ್ಯ, ಇಲಿ, ಹೆಗ್ಗಣ ಮೂರರಲ್ಲೂ ಈ ತುಂಡು ಒಂದೇ, ಕೋಳಿಯಲ್ಲೂ ಬಹುಪಾಲು ಅದೇ. ಮಾನವ ಕೋಶಗಳಲ್ಲಿ ಶುರುಮಾಡಿ ಮುಂದೆ ಪ್ರಾಣಿ ಮಾದರಿಗೆ ಹೋಗುವವರಿಗೆ ಒಂದೇ ವಯಲ್ ಸಾಕು. ಆದರೆ ಇಲ್ಲೇ ಒಂದು ಗುಂಡಿಯೂ ಇದೆ, ಎಂಎಸ್ಸಿ ಪ್ರಾಜೆಕ್ಟಿನವರು ಬೀಳುವುದು ಹೆಚ್ಚಾಗಿ ಅದರಲ್ಲೇ. ಪಾಸಿಟಿವ್ ಕಂಟ್ರೋಲ್ (ಬ್ಯಾಂಡ್ ಬಂದೇ ಬರಬೇಕಾದ ಮಾದರಿ) ಬೇಕೆಂದು ಕೈಗೆ ಸಿಕ್ಕ ಇಲಿಯ ತೊಡೆ ಸ್ನಾಯುವನ್ನೋ ಹೃದಯವನ್ನೋ ಅರೆದು ಜೆಲ್‌ಗೆ ಹಾಕುತ್ತಾರೆ. ಬೆಳೆದ ಪ್ರಾಣಿಯ ಅಸ್ಥಿಸ್ನಾಯು ಮತ್ತು ಹೃದಯಸ್ನಾಯುವಿನ ಕೋಶಗಳಲ್ಲಿ ಸಾಮಾನ್ಯ ಬೀಟಾ-1ಎ ಇರುವುದಿಲ್ಲ, ಅದರ ಜಾಗದಲ್ಲಿ ಬೀಟಾ-1ಡಿ ಎಂಬ ಸ್ಪ್ಲೈಸ್ ರೂಪ (ಅದೇ ಜೀನ್‌ನ ಸಂದೇಶವನ್ನು ಬೇರೆ ಬಗೆಯಲ್ಲಿ ಜೋಡಿಸಿ ಮಾಡಿದ್ದು) ಇರುತ್ತದೆ. ಎರಡಕ್ಕೂ ವ್ಯತ್ಯಾಸವಿರುವುದು ಬಾಲದಲ್ಲೇ. ಬ್ಯಾಂಡ್ ಮಸುಕಾಗಿಯೋ ಬಾರದೆಯೋ ಹೋದರೆ ಆಂಟಿಬಾಡಿಯನ್ನು ಬೈಯುವಂತಿಲ್ಲ. ಕಂಟ್ರೋಲ್‌ಗೆ ಹೀಲಾ, ಎನ್‌ಐಎಚ್ 3ಟಿ3, ಎಂಡಿಎ-ಎಂಬಿ-231 ಇಂಥ ಕೋಶ ಲೈನ್‌ಗಳು ಬೇಕು. ಯಾವುದೇ ಫೈಬ್ರೋಬ್ಲಾಸ್ಟ್ ಲೈಸೇಟ್ (ಕೋಶ ಒಡೆದು ತೆಗೆದ ರಸ) ಕೂಡ ಆದೀತು.

ಈಗ ವೆಸ್ಟರ್ನ್. ಕೋಶಗಳನ್ನು ಟ್ರಿಪ್ಸಿನ್ ಹಾಕಿ ಎಬ್ಬಿಸಬೇಡಿ, ಹೊರಭಾಗ ಕಡಿದುಹೋಗಿ ಕೆಳಗೆ ಗೊತ್ತುಗುರಿಯಿಲ್ಲದ ಬ್ಯಾಂಡ್‌ಗಳು ಬರಬಹುದು. ತಣ್ಣನೆಯ ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು, ತಟ್ಟೆಯ ಮೇಲೆಯೇ ರೀಪಾ ಬಫರ್ (ಕೋಶ ಒಡೆಯುವ ದ್ರಾವಣ) ಹಾಕಿ ಸ್ಕ್ರೇಪರ್‌ನಿಂದ ಕೆರೆದು ತೆಗೆಯಿರಿ. ಬಫರ್‌ನಲ್ಲಿ 50 ಮಿಲಿಮೋಲಾರ್ ಟ್ರಿಸ್, 150 ಮಿಲಿಮೋಲಾರ್ ಉಪ್ಪು, ಶೇ. 1 ಎನ್‌ಪಿ-40, ಶೇ. 0.5 ಡಿಆಕ್ಸಿಕೋಲೇಟ್, ಶೇ. 0.1 ಎಸ್‌ಡಿಎಸ್, ಪ್ರೋಟಿಯೇಸ್ ಇನ್‌ಹಿಬಿಟರ್ ಅವತ್ತೇ ಬೆರೆಸಿದ್ದು. ಜೊತೆಗೆ 5 ಮಿಲಿಮೋಲಾರ್ ಇಡಿಟಿಎ ಇರಲಿ. ಕ್ಯಾಲ್ಪೇನ್ ಎಂಬ ಕಿಣ್ವ ಇಂಟೆಗ್ರಿನ್ ಬೀಟಾಗಳ ಬಾಲವನ್ನು ಕತ್ತರಿಸುತ್ತದೆ, ಅದಕ್ಕೆ ಕ್ಯಾಲ್ಸಿಯಂ ಬೇಕು, ಇಡಿಟಿಎ ಆ ಕ್ಯಾಲ್ಸಿಯಂ ಕಸಿದುಕೊಳ್ಳುತ್ತದೆ. ಆಪರೇಷನ್ ಕೋಣೆಯಿಂದ ಬಂದ ಅಂಗಾಂಶ ಬಿಸಿಲಿನ ದಿನ ಒಂದೆರಡು ಗಂಟೆ ಹೊರಗೇ ಉಳಿದಿದ್ದರೆ, ಹೊರಭಾಗ ಹಿಡಿಯುವ ಆಂಟಿಬಾಡಿಗೆ ಬ್ಯಾಂಡ್ ಸಿಕ್ಕು ಇದಕ್ಕೆ ಸಿಗದಿರುವುದು ಸಾಧ್ಯ. ಬಾಲವೇ ಉದುರಿಹೋದ ಮೇಲೆ ಹಿಡಿಯುವುದೇನನ್ನು?

ಮಂಜುಗಡ್ಡೆಯ ಮೇಲೆ ಅರ್ಧ ಗಂಟೆ, ಸೆಂಟ್ರಿಫ್ಯೂಜಿನಲ್ಲಿ 14,000 ಜಿಗೆ 15 ನಿಮಿಷ, ಮೇಲಿನ ತಿಳಿ. ಲೇನ್‌ಗೆ 20ರಿಂದ 30 ಮೈಕ್ರೋಗ್ರಾಂ. ಶೇ. 8ರ ಜೆಲ್ ಸರಿ. ಶೇ. 12ರಲ್ಲಿ ಓಡಿಸಿದರೆ ಮುಂದೆ ಹೇಳುವ ಎರಡು ಬ್ಯಾಂಡ್‌ಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ದಪ್ಪ ಗೆರೆಯಾಗುತ್ತವೆ. ಪಿವಿಡಿಎಫ್ ಮೆಂಬ್ರೇನ್, 0.45 ಮೈಕ್ರಾನ್, ವೆಟ್ ಟ್ರಾನ್ಸ್‌ಫರ್, 100 ವೋಲ್ಟ್, 90 ನಿಮಿಷ. ಟ್ಯಾಂಕಿನ ಸುತ್ತ ಮಂಜುಗಡ್ಡೆ ಕಡ್ಡಾಯ. ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಬಫರ್ ಬಿಸಿಯಾಗಲು ಅರ್ಧ ಗಂಟೆ ಸಾಕು, ಆಮೇಲೆ ಜೆಲ್ ಮೆತ್ತಗಾಗಿ ಬ್ಯಾಂಡ್‌ಗಳು ಸೊಟ್ಟಗಾಗುತ್ತವೆ. ದೊಡ್ಡ ಪ್ರೋಟೀನ್ ಆದ್ದರಿಂದ ಮೆಥನಾಲ್ ಅನ್ನು ಶೇ. 20ರಿಂದ 10ಕ್ಕೆ ಇಳಿಸಿದರೆ ಜೆಲ್‌ನಿಂದ ಸಲೀಸಾಗಿ ಹೊರಬರುತ್ತದೆ.

ಬ್ಲಾಕಿಂಗ್‌ಗೆ (ಮೆಂಬ್ರೇನಿನ ಖಾಲಿ ಜಾಗ ಮುಚ್ಚಲು) ದುಬಾರಿ ಡಬ್ಬಿ ಬೇಕಿಲ್ಲ. ಅಂಗಡಿಯಲ್ಲಿ ಸಿಗುವ ನಂದಿನಿ ಕೆನೆರಹಿತ ಹಾಲಿನ ಪುಡಿ ಶೇ. 5, ಟಿಬಿಎಸ್‌ನಲ್ಲಿ ಶೇ. 0.1 ಟ್ವೀನ್-20, ಒಂದು ಗಂಟೆ. ಪೊಟ್ಟಣ ಕೊಳ್ಳುವಾಗ ‘ಸ್ಕಿಮ್ಡ್ ಮಿಲ್ಕ್ ಪೌಡರ್’ ಎಂದೇ ಬರೆದಿದೆಯೇ ನೋಡಿಕೊಳ್ಳಿ. ಚಹಾಕ್ಕೆ ಹಾಕುವ ಡೈರಿ ವೈಟ್ನರ್‌ನಲ್ಲಿ ಸಕ್ಕರೆಯೂ ಕೊಬ್ಬೂ ಇರುತ್ತವೆ, ಅದು ಬೇಡ. ಕಲಸಿದ ಮೇಲೆ ಫಿಲ್ಟರ್ ಕಾಗದದಲ್ಲಿ ಸೋಸಿ. ಸೋಸದ ಹಾಲಿನ ಗಂಟುಗಳೇ ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳಾಗಿ ಕೂರುತ್ತವೆ. ಬಫರ್‌ಗೆ ಡಿಸ್ಟಿಲ್ಡ್ ನೀರೇ ಆಗಬೇಕು. ಬೋರ್‌ವೆಲ್ಲಿನ ಗಡಸು ನೀರಿಗೆ ಫಾಸ್ಫೇಟ್ ಬೆರೆಸಿದರೆ ಕ್ಯಾಲ್ಸಿಯಂ ಬಿಳಿ ಮಡ್ಡಿಯಾಗಿ ತಳಕ್ಕಿಳಿಯುತ್ತದೆ.

ಪ್ರೈಮರಿ, ಅಂದರೆ ನಮ್ಮ ಈ ಆಂಟಿಬಾಡಿ, 1:1000, ಇಡೀ ರಾತ್ರಿ 4 ಡಿಗ್ರಿಯಲ್ಲಿ. ಡೇಟಾಶೀಟಿನಲ್ಲಿ ‘ಕೋಣೆಯ ತಾಪಮಾನದಲ್ಲಿ ಒಂದು ಗಂಟೆ’ ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಬರೆದವರ ಕೋಣೆ 20-25 ಡಿಗ್ರಿ, ನಮ್ಮದು ಬೇಸಿಗೆಯಲ್ಲಿ ಅದಲ್ಲ. ಸೆಕೆಂಡರಿ, ಅಂದರೆ ಎಚ್‌ಆರ್‌ಪಿ ಎಂಬ ಕಿಣ್ವ ಹೊತ್ತು ಪ್ರೈಮರಿಯನ್ನು ಹಿಡಿದು ತೋರಿಸುವುದು, ಮೇಕೆಯಲ್ಲಿ ಬೆಳೆಸಿದ ಆಂಟಿ-ರ‍್ಯಾಬಿಟ್ ಎಚ್‌ಆರ್‌ಪಿ, 1:5000ದಿಂದ 1:10,000. ಸೆಕೆಂಡರಿ ಬೆರೆಸುವ ಬಫರ್‌ಗೆ ಅಜೈಡ್ ಹೋಗದಂತೆ ಎಚ್ಚರವಿರಲಿ, ಅದು ಎಚ್‌ಆರ್‌ಪಿಯ ಕತ್ತು ಹಿಸುಕುತ್ತದೆ. ಫಿಲ್ಮ್ ಪೂರ್ತಿ ಬೋಳಾಗಿ ಬಂದರೆ ಮೊದಲು ಸಂಶಯಿಸಬೇಕಾದ್ದು ಇದನ್ನು.

ಲೆಕ್ಕವನ್ನೂ ಹೇಳಬೇಕು, ವಯಲ್‌ಗೆ ಹತ್ತಾರು ಸಾವಿರ ರೂಪಾಯಿ. ತಟ್ಟೆಯಲ್ಲಿ 10 ಮಿಲಿಲೀಟರ್ ಹಾಕಿದರೆ ಒಂದು ಬ್ಲಾಟ್‌ಗೆ 10 ಮೈಕ್ರೋಲೀಟರ್, ವಯಲ್ ಹತ್ತೇ ಬ್ಲಾಟ್‌ಗೆ ಖಾಲಿ. ಮೆಂಬ್ರೇನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸೀಲರ್ ಒತ್ತಿದರೆ 3 ಮಿಲಿಲೀಟರ್ ಸಾಕು, ಮೂವತ್ತಕ್ಕೂ ಹೆಚ್ಚು ಬ್ಲಾಟ್ ಆದವು. ಗಾಳಿಗುಳ್ಳೆ ಉಳಿದರೆ ಅಲ್ಲಿ ದುಂಡನೆಯ ಬಿಳಿ ಕಲೆ ಬೀಳುತ್ತದೆ, ಗುಳ್ಳೆಗಳನ್ನು ಬೆರಳಿಂದ ಅಂಚಿಗೆ ತಳ್ಳಿ ಸೀಲ್ ಮಾಡಿ. ಹಾಲಿನ ಬದಲು ಶೇ. 3ರ ಬಿಎಸ್‌ಎಯಲ್ಲಿ (ದನದ ಅಲ್ಬುಮಿನ್) ಶೇ. 0.02 ಅಜೈಡ್ ಸೇರಿಸಿ ದುರ್ಬಲಗೊಳಿಸಿದ ಪ್ರೈಮರಿಯನ್ನು 4 ಡಿಗ್ರಿಯಲ್ಲಿಟ್ಟು ಮೂರು ನಾಲ್ಕು ಸಲ ಬಳಸಬಹುದು. ಹಾಲಿನಲ್ಲಿ ಬೆರೆಸಿದ್ದು ಎರಡು ದಿನಕ್ಕೇ ಹುಳಿವಾಸನೆ ಬರುತ್ತದೆ.

ಈಗ ಎಲ್ಲರೂ ತಕರಾರು ತೆಗೆಯುವ ಜಾಗ: ಬ್ಯಾಂಡ್ ಎಲ್ಲಿ ಬರಬೇಕು? ಅಮೈನೋ ಆಮ್ಲಗಳ ಲೆಕ್ಕದಲ್ಲಿ ಈ ಪ್ರೋಟೀನ್ 88 ಕಿಲೋಡಾಲ್ಟನ್. ಜೆಲ್‌ನಲ್ಲಿ ಕಾಣುವುದು 110ರ ಹತ್ತಿರ ಒಂದು, 130ರ ಹತ್ತಿರ ಇನ್ನೊಂದು. ಬ್ಯಾಂಡ್ 88ಕ್ಕೇ ಬರಬೇಕು ಎಂದು ಪಟ್ಟು ಹಿಡಿದು, ಸರಿಯಾದ ಬ್ಲಾಟನ್ನು ‘ನಾನ್-ಸ್ಪೆಸಿಫಿಕ್’ ಎಂದು ಕಸದ ಬುಟ್ಟಿಗೆ ಹಾಕುವವರದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ವಾದ. ಹೆಚ್ಚಿನ ತೂಕವೆಲ್ಲ ಸಕ್ಕರೆಯ ಸರಪಳಿಗಳದ್ದು. ಕೆಳಗಿನ ಬ್ಯಾಂಡ್ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಇನ್ನೂ ತಯಾರಾಗುತ್ತಿರುವ ಎಳೆಯ ರೂಪ, ಮೇಲಿನದು ಗಾಲ್ಜಿ ದಾಟಿ ಪೊರೆಗೆ ಬಂದ ಬಲಿತ ರೂಪ. ಎರಡರ ಅನುಪಾತ ಕೋಶದಿಂದ ಕೋಶಕ್ಕೆ ಬದಲಾಗುತ್ತದೆ. ಅನುಮಾನವಿದ್ದವರು ಲೈಸೇಟಿನ ಒಂದು ಪಾಲಿಗೆ ಪಿಎನ್‌ಜಿಯೇಸ್-ಎಫ್ (ಸಕ್ಕರೆ ಕಳಚುವ ಕಿಣ್ವ) ಹಾಕಿ ಪಕ್ಕದ ಲೇನ್‌ನಲ್ಲಿ ಓಡಿಸಲಿ: ಎರಡೂ ಬ್ಯಾಂಡ್ ಕುಸಿದು 88ರ ಆಸುಪಾಸಿಗೆ ಒಂದಾಗಿ ಇಳಿಯುತ್ತವೆ. ಎಂಡೋ-ಎಚ್ (ಎಳೆಯ ಬಗೆಯ ಸಕ್ಕರೆಯನ್ನಷ್ಟೇ ಕಳಚುವ ಕಿಣ್ವ) ಹಾಕಿದರೆ ಇಳಿಯುವುದು ಮುಖ್ಯವಾಗಿ ಎಳೆಯದು ಮಾತ್ರ. ಆಂಟಿಬಾಡಿ ಸರಿಯಾದ ಪ್ರೋಟೀನನ್ನೇ ಹಿಡಿದಿದೆ ಎಂಬುದಕ್ಕೆ ಇಷ್ಟು ಅಗ್ಗದ, ಇಷ್ಟು ಗಟ್ಟಿ ಸಾಕ್ಷಿ ಬೇರೆ ಕಡಿಮೆ.

ಲೋಡಿಂಗ್ ಡೈಗೆ ಬೀಟಾ-ಮರ್ಕ್ಯಾಪ್ಟೋಇಥನಾಲ್ (ಪ್ರೋಟೀನಿನ ಸಿಸ್ಟೀನ್ ಕೊಂಡಿ ಕಳಚುವ ರಾಸಾಯನಿಕ) ಹಾಕುವುದು ಮರೆತಾಗ ಇನ್ನೊಂದು ಸೋಜಿಗ. ಬ್ಯಾಂಡ್ ಕೆಳಗಿಳಿಯುತ್ತದೆ. ಹೊರಭಾಗದಲ್ಲಿ ಐವತ್ತಕ್ಕೂ ಹೆಚ್ಚು ಸಿಸ್ಟೀನ್‌ಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಕೊಂಡಿ ಕಳಚದಿದ್ದರೆ ಪ್ರೋಟೀನ್ ಮುದ್ದೆಯಾಗಿಯೇ ಉಳಿದು ಜೆಲ್‌ನಲ್ಲಿ ಬೇಗ ಓಡುತ್ತದೆ. ರಿಡ್ಯೂಸಿಂಗ್ ಬ್ಲಾಟ್ ಒಂದು, ನಾನ್-ರಿಡ್ಯೂಸಿಂಗ್ ಇನ್ನೊಂದು ಇಟ್ಟುಕೊಂಡು ತೂಕ ಹೋಲಿಸಿದರೆ ತಲೆ ಕೆಡುತ್ತದೆ. ಹಳೆಯ ಲೋಡಿಂಗ್ ಡೈಯಲ್ಲೂ ಇದೇ ಪಾಡು, ಮರ್ಕ್ಯಾಪ್ಟೋಇಥನಾಲ್ ಆಕ್ಸಿಡೈಸ್ ಆಗಿ ಕೆಲಸ ನಿಲ್ಲಿಸಿರುತ್ತದೆ. ತಿಂಗಳುಗಟ್ಟಲೆ ಹೊರಗಿಟ್ಟದ್ದನ್ನು ಚೆಲ್ಲಿ ಹೊಸದು ಮಾಡಿಕೊಳ್ಳಿ.

ನಾಕ್‌ಡೌನ್ ಮಾಡಿ (ಬೀಟಾ-1ರ ತಯಾರಿ ಅಡಗಿಸಿ) ಪರೀಕ್ಷಿಸುವವರು 24 ಗಂಟೆಗೆ ಲೈಸೇಟ್ ತೆಗೆದು ‘ಬ್ಯಾಂಡ್ ಹೋಗಲಿಲ್ಲ, ಆಂಟಿಬಾಡಿ ಸುಳ್ಳು’ ಎನ್ನಬಾರದು. ಬೀಟಾ-1 ಬೇಗ ಸಾಯುವ ಪ್ರೋಟೀನ್ ಅಲ್ಲ, ಪೊರೆಯಿಂದ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತಲೇ ಇರುತ್ತದೆ. ಎಸ್‌ಐಆರ್‌ಎನ್‌ಎ (ಜೀನ್‌ನ ಸಂದೇಶ ಅಳಿಸುವ ಪುಟ್ಟ ಆರ್‌ಎನ್‌ಎ) ಹಾಕಿ 72 ಗಂಟೆ ಕಾಯಿರಿ. ಮೊದಲು ಕ್ಷೀಣಿಸುವುದು ಕೆಳಗಿನ ಎಳೆಯ ಬ್ಯಾಂಡ್, ಅದೇ ಒಳ್ಳೆಯ ಸೂಚನೆ. ಕಂಪನಿ ಜೊತೆಗೆ ಮಾರುವ ಬ್ಲಾಕಿಂಗ್ ಪೆಪ್ಟೈಡ್‌ನ ಬಗ್ಗೆ ಅತಿ ನಂಬಿಕೆ ಬೇಡ. ಆಂಟಿಬಾಡಿಯ ಐದರಿಂದ ಹತ್ತು ಪಟ್ಟು ತೂಕದ ಪೆಪ್ಟೈಡ್ ಬೆರೆಸಿ ಬ್ಯಾಂಡ್ ಮಾಯವಾದರೆ, ಆಂಟಿಬಾಡಿ ಆ ಪೆಪ್ಟೈಡನ್ನು ಹಿಡಿಯುತ್ತದೆ ಎಂದಷ್ಟೇ ಗೊತ್ತಾಯಿತು. ಬ್ಲಾಟ್‌ನಲ್ಲಿ ಹಿಡಿದದ್ದು ಇಂಟೆಗ್ರಿನ್ನೇ ಎಂದಲ್ಲ.

ಇಮ್ಯುನೊಫ್ಲೋರೆಸೆನ್ಸ್‌ನಲ್ಲಿ ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ, ನಂತರ ಶೇ. 0.2 ಟ್ರೈಟಾನ್ (ಪೊರೆಗೆ ತೂತು ಮಾಡುವ ಡಿಟರ್ಜೆಂಟ್) 10 ನಿಮಿಷ, ಆಂಟಿಬಾಡಿ 1:100ರಿಂದ 1:200. ಟ್ರೈಟಾನ್ ಬಿಟ್ಟರೆ ಏನೂ ಕಾಣದು, ಬಾಲ ಪೊರೆಯ ಒಳಗಿದೆಯಲ್ಲ. ಕವರ್‌ಸ್ಲಿಪ್ಪಿಗೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಫೈಬ್ರೋನೆಕ್ಟಿನ್ ಹಚ್ಚಿದ್ದರೆ ಕೋಶಗಳು ಚೆನ್ನಾಗಿ ಹರಡುತ್ತವೆ. ಅಂಚಿನ ಗೆರೆ ಕಾಣುತ್ತದೆ, ನ್ಯೂಕ್ಲಿಯಸ್ಸಿನ ಸುತ್ತ ಮಂಜಿನಂಥ ಹೊಳಪೂ ಕಾಣುತ್ತದೆ. ಆ ಮಂಜು ಕೊಳೆಯಲ್ಲ, ವೆಸ್ಟರ್ನ್‌ನ ಕೆಳಗಿನ ಬ್ಯಾಂಡ್ ಅದೇ. ಫೋಕಲ್ ಅಡ್‌ಹೀಷನ್‌ಗಳ (ಕೋಶ ನೆಲಕ್ಕೆ ಅಂಟುವ ತಾಣಗಳು) ಚೂಪು ಗೆರೆಗಳು ಮಾತ್ರ ನಿರೀಕ್ಷಿಸಿದಷ್ಟು ಎದ್ದು ಕಾಣುವುದಿಲ್ಲ. ಅಲ್ಲಿ ಬಾಲದ ಮೇಲೆ ಟ್ಯಾಲಿನ್, ಕಿಂಡ್ಲಿನ್ ಮುಗಿಬಿದ್ದಿರುತ್ತವೆ, ಫಾರ್ಮಾಲ್ಡಿಹೈಡ್ ಅವನ್ನು ಅಲ್ಲೇ ಬೆಸೆದು ಎಪಿಟೋಪನ್ನು (ಆಂಟಿಬಾಡಿ ಕೂರುವ ಜಾಗ) ಮುಚ್ಚುವ ಸಾಧ್ಯತೆಯಿದೆ. ಫೋಕಲ್ ಅಡ್‌ಹೀಷನ್ ಎಣಿಸುವುದೇ ಕೆಲಸವಾದರೆ ಮೌಸ್ ಮೊನೊಕ್ಲೋನಲ್ (ಒಂದೇ ಬಗೆಯ) ವಿನ್‌ಕ್ಯುಲಿನ್ ಆಂಟಿಬಾಡಿ ಜೊತೆಗಿಡಿ. ಒಂದು ಮೊಲದ್ದು, ಒಂದು ಇಲಿಯದ್ದು, ಎರಡು ಬಣ್ಣ ಬೆರೆಯದೆ ಬರುತ್ತವೆ.

ಪ್ಯಾರಾಫಿನ್ ಸೆಕ್ಷನ್ ನಮ್ಮ ಭಾಗಕ್ಕೆ ಹೆಚ್ಚು ಬೇಕಾದದ್ದು. ಗುಟ್ಕಾ, ತಂಬಾಕಿನ ಬಾಯಿ ಹುಣ್ಣು, ಬಾಯಿ ಕ್ಯಾನ್ಸರ್ ಬಯಾಪ್ಸಿಗಳು ಹುಬ್ಬಳ್ಳಿ-ಧಾರವಾಡದ ಸತ್ತೂರು, ವಿದ್ಯಾನಗರದ ಪೆಥಾಲಜಿ ಮೇಜುಗಳಿಗೆ ಹೊಸವಲ್ಲ. ಬಾಯಿಯ ಒಳಪದರದಲ್ಲಿ ಒಂದು ಅನುಕೂಲ: ಆರೋಗ್ಯವಂತ ಎಪಿಥೀಲಿಯಂನ ತಳದ ಸಾಲಿನ ಕೋಶಗಳಲ್ಲಿ ಬೀಟಾ-1 ದಟ್ಟವಾಗಿರುತ್ತದೆ, ಮೇಲೆ ಹೋದಂತೆ ಮಾಸುತ್ತದೆ. ಸ್ಲೈಡಿನ ಒಂದು ಮೂಲೆಯಲ್ಲಿ ಸಾಮಾನ್ಯ ಪದರವಿದ್ದರೆ ಅದೇ ಕಂಟ್ರೋಲ್. ರಕ್ತನಾಳದ ಗೋಡೆ ಎರಡನೆಯ ಕಂಟ್ರೋಲ್. ತಳದ ಸಾಲು ಬಣ್ಣ ಹಿಡಿಯದೆ ಗೆಡ್ಡೆ ಮಾತ್ರ ಕಂದಾಗಿದ್ದರೆ ಆ ಸ್ಲೈಡನ್ನು ನಂಬಬೇಡಿ. ನ್ಯೂಕ್ಲಿಯಸ್ ಕಂದಾಗಿದ್ದರೂ ನಂಬಬೇಡಿ.

4 ಮೈಕ್ರಾನ್ ಸೆಕ್ಷನ್, ಮುಚ್ಚಿಹೋದ ಎಪಿಟೋಪ್ ತೆರೆಯಲು ಟ್ರಿಸ್-ಇಡಿಟಿಎ ಪಿಎಚ್ 9ರಲ್ಲಿ ಬಿಸಿ, 20 ನಿಮಿಷ. ಸಿಟ್ರೇಟ್ ಪಿಎಚ್ 6ರಲ್ಲೂ ಆಗುತ್ತದೆ, ಬಣ್ಣ ತುಸು ತೆಳು. ತೆರೆದ ಪಾತ್ರೆಯಲ್ಲಿ ಕುದಿಸಬೇಡಿ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಇಲ್ಲಿ ನೀರು ಕುದಿಯುವುದು 97-98 ಡಿಗ್ರಿಗೇ, ಜೊತೆಗೆ ಬುರುಬುರು ಕುದಿತಕ್ಕೆ ಸೆಕ್ಷನ್ ಗಾಜಿನಿಂದ ಎದ್ದು ತೇಲುತ್ತದೆ. ಪ್ರೆಷರ್ ಕುಕ್ಕರ್ ಎರಡಕ್ಕೂ ಪರಿಹಾರ. ಪಾಲಿ-ಲೈಸಿನ್ ಹಚ್ಚಿದ ಸ್ಲೈಡೇ ಇರಲಿ, ಕುಕ್ಕರ್ ಒತ್ತಡ ತಾನಾಗಿ ಇಳಿಯಲಿ, ಸೀಟಿ ಎತ್ತಿ ಹಬೆ ಬಿಡುವ ಅವಸರ ಬೇಡ. ಶೇ. 3 ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ಆಂಟಿಬಾಡಿ 1:200ರಿಂದ ಶುರು. ಡಿಎಬಿಯನ್ನು (ಕಂದು ಬಣ್ಣ ಬರಿಸುವ ದ್ರಾವಣ) ಗಡಿಯಾರ ನೋಡಿ ನಿಲ್ಲಿಸಬೇಡಿ, ಸೂಕ್ಷ್ಮದರ್ಶಕದ ಕೆಳಗೆ ತಳದ ಸಾಲು ನೋಡಿ ನಿಲ್ಲಿಸಿ. ಮೊಲದ ಅಂಗಾಂಶದ ಮೇಲೆ ಈ ಆಂಟಿಬಾಡಿ ಬೇಡ, ಸೆಕೆಂಡರಿ ಅಲ್ಲಿರುವ ಮೊಲದ ಐಜಿಜಿಯನ್ನೆಲ್ಲ ಹಿಡಿದು ಸ್ಲೈಡೆಲ್ಲ ಕಂದು ಮಾಡುತ್ತದೆ.

ಇಮ್ಯುನೊಪ್ರೆಸಿಪಿಟೇಷನ್‌ಗೆ (ಆಂಟಿಬಾಡಿಯಿಂದ ಪ್ರೋಟೀನನ್ನು ಲೈಸೇಟಿನಿಂದ ಹೊರಗೆಳೆಯುವುದು) 500 ಮೈಕ್ರೋಗ್ರಾಂ ಲೈಸೇಟಿಗೆ 2 ಮೈಕ್ರೋಗ್ರಾಂನಿಂದ ಪ್ರಯತ್ನಿಸಬಹುದು. ಆಂಟಿಬಾಡಿಯ ಸ್ವಂತ ಸರಪಳಿಗಳು 50 ಮತ್ತು 25ಕ್ಕೆ ಬರುವುದರಿಂದ 130ಕ್ಕೆ ಅಡ್ಡಿಯಿಲ್ಲ. ಆದರೆ ಆಲ್ಫಾ ಜೊತೆಗಾರನೂ ಕೂಡಿ ಬರಬೇಕೆಂದರೆ ಮೇಲೆ ಹೊಗಳಿದ ಇಡಿಟಿಎಯನ್ನೇ ಇಲ್ಲಿ ಕೈಬಿಡಬೇಕು. ಜೋಡಿಯನ್ನು ಹಿಡಿದಿಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಶೇ. 1 ಎನ್‌ಪಿ-40, 1 ಮಿಲಿಮೋಲಾರ್ ಮೆಗ್ನೀಸಿಯಂ, ಎಸ್‌ಡಿಎಸ್ ಇಲ್ಲದ ಬಫರ್, ಕ್ಯಾಲ್ಪೇನ್‌ಗೆ ಬೇರೆ ಇನ್‌ಹಿಬಿಟರ್.

ಫ್ಲೋ ಸೈಟೋಮೆಟ್ರಿಗೆ, ಅಂಟುವಿಕೆ ತಡೆಯುವ ಪ್ರಯೋಗಕ್ಕೆ ಇದು ಅಲ್ಲವೇ ಅಲ್ಲ. ಹೊರಭಾಗ ಹಿಡಿಯುವ ಮೊನೊಕ್ಲೋನಲ್‌ಗಳೇ ಬೇಕು: ತಡೆಯಲು ಎಐಐಬಿ2, ಸಕ್ರಿಯ ರೂಪ ತೋರಿಸಲು 12ಜಿ10, ಇಲಿಯಲ್ಲಾದರೆ 9ಇಜಿ7. ನಮ್ಮ ವಯಲ್ ತೋರಿಸುವುದು ಒಟ್ಟು ಬೀಟಾ-1 ಎಷ್ಟಿದೆ ಎಂದು ಮಾತ್ರ. ಸಕ್ರಿಯವೋ ಅಲ್ಲವೋ, ಜೊತೆಗಾರ ಆಲ್ಫಾ-5ಓ ಆಲ್ಫಾ-2ಓ ಎಂಬುದು ಇದಕ್ಕೆ ಗೊತ್ತಿಲ್ಲ. ಈ ಒಂದೇ ಬ್ಲಾಟ್ ಇಟ್ಟುಕೊಂಡು ‘ಆಲ್ಫಾ-5 ಬೀಟಾ-1 ಹೆಚ್ಚಾಯಿತು’ ಎಂದು ಪ್ರಬಂಧದಲ್ಲಿ ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆ ಅದೇ. ಪೊರೆಯ ಮೇಲೆ ಎಷ್ಟಿದೆ ಎಂದು ತಿಳಿಯಲು ದಾರಿಯೊಂದಿದೆ. ಜೀವಂತ ಕೋಶಗಳಿಗೆ ಮಂಜುಗಡ್ಡೆಯ ಮೇಲೆ ಸಲ್ಫೋ-ಎನ್‌ಎಚ್‌ಎಸ್-ಬಯೋಟಿನ್ (ಪೊರೆ ದಾಟದೆ ಹೊರಗಿನ ಪ್ರೋಟೀನಿಗಷ್ಟೇ ಅಂಟುವ ಗುರುತು) ಅರ್ಧ ಗಂಟೆ, ಗ್ಲೈಸಿನ್ ಹಾಕಿ ನಿಲ್ಲಿಸಿ, ಲೈಸೇಟನ್ನು ಸ್ಟ್ರೆಪ್ಟಾವಿಡಿನ್ ಮಣಿಗಳಿಂದ ಹಿಡಿದು ಇದೇ ಆಂಟಿಬಾಡಿಯಿಂದ ಬ್ಲಾಟ್ ಮಾಡಿ. ಅಲ್ಲಿ 110ರ ಬ್ಯಾಂಡ್ ಇರಬಾರದು. ಇದ್ದರೆ ಕೋಶಗಳು ಸತ್ತು ಬಯೋಟಿನ್ ಒಳಗೆ ಸೋರಿದೆ ಎಂದರ್ಥ.

ಪಾಲಿಕ್ಲೋನಲ್‌ನ ಹಳೆಯ ರೋಗ ಇದಕ್ಕೂ ಇದೆ: ಮೊಲ ಬದಲಾದರೆ ಆಂಟಿಬಾಡಿಯೂ ಬದಲು. ಒಂದು ಲಾಟ್‌ನಲ್ಲಿ (ತಯಾರಿಕೆಯ ಕಂತು) 1:2000ಕ್ಕೆ ಬಂದ ಬ್ಯಾಂಡ್ ಮುಂದಿನದರಲ್ಲಿ 1:500 ಕೇಳಬಹುದು. ಪಿಎಚ್‌ಡಿಯ ಮುಖ್ಯ ಅಧ್ಯಾಯ ಇದರ ಮೇಲೆ ನಿಂತಿದ್ದರೆ ಒಂದೇ ಲಾಟ್‌ನ ಎರಡು ವಯಲ್ ಒಟ್ಟಿಗೆ ತರಿಸಿ, ಲಾಟ್ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪೆಪ್ಟೈಡ್ ಕಾಲಮ್ಮಿನದಲ್ಲದೆ ಪ್ರೋಟೀನ್-ಎ ಕಾಲಮ್ಮಿನಲ್ಲಷ್ಟೇ ಶುದ್ಧಗೊಳಿಸಿದ ಅಗ್ಗದ ರೂಪವೂ ಸಿಗುತ್ತದೆ. ಅದರಲ್ಲಿ ಮೊಲ ಜೀವಮಾನದಲ್ಲಿ ಮಾಡಿದ ಐಜಿಜಿಯೆಲ್ಲ ಇರುತ್ತದೆ, ಹಿನ್ನೆಲೆ ಕೊಳಕಾಗುತ್ತದೆ. ಉಳಿಸಿದ ದುಡ್ಡು ಫಿಲ್ಮಿಗೆ ಹೋಗುತ್ತದೆ.

ಗ್ಲಿಸರಾಲ್ ಇರುವುದರಿಂದ ಮೈನಸ್ 20ರಲ್ಲಿ ಇದು ಗಡ್ಡೆ ಕಟ್ಟುವುದಿಲ್ಲ, ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚುವ ಅಗತ್ಯವಿಲ್ಲ. ತೆಗೆದಾಗ ಐಸ್ ಮೇಲಿಟ್ಟು, ಒಂದು ಕ್ಷಣ ಸ್ಪಿನ್ ಮಾಡಿ, ಬೇಕಾದಷ್ಟು ಹೀರಿ ವಾಪಸ್ ಇಡಿ. ಗ್ಲಿಸರಾಲ್ ಜಿಗುಟು, ಪಿಪೆಟ್ಟನ್ನು ನಿಧಾನ ಎಳೆಯದಿದ್ದರೆ 3 ಮೈಕ್ರೋಲೀಟರ್ ಎಂದು 2 ಬರುತ್ತದೆ. ಮೈನಸ್ 80ಕ್ಕೆ ಹಾಕಿ ‘ಇನ್ನೂ ಭದ್ರ’ ಮಾಡಬೇಡಿ, ಅಲ್ಲಿ ಅದು ಗಟ್ಟಿಯಾಗುತ್ತದೆ, ಪ್ರತಿ ಸಲ ಕರಗಿಸಬೇಕಾಗುತ್ತದೆ. ತಾನಾಗಿ ಹಿಮ ಕರಗಿಸುವ ಫ್ರಿಜ್ಜಿನ ಫ್ರೀಜರ್ ಬೇಡ, ಅದು ದಿನವೂ ಬಿಸಿಯಾಗಿ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗುವ ಕಡೆ ವಯಲ್ ಅನ್ನು ಜೆಲ್ ಪ್ಯಾಕ್‌ಗಳ ನಡುವೆ ಥರ್ಮೊಕೋಲ್ ಡಬ್ಬಿಯಲ್ಲಿಟ್ಟು ಆ ಡಬ್ಬಿಯನ್ನೇ ಫ್ರೀಜರಿಗಿಡಿ.

ತರಿಸುವಾಗ ಮಾರಾಟಗಾರರಿಗೆ ಬರೆಯುವ ಮೇಲ್‌ನಲ್ಲಿ ಮೂರು ಮಾತು ಕೇಳಿ: ಇಮ್ಯುನೋಜೆನ್ ಎಷ್ಟನೇ ಅಮೈನೋ ಆಮ್ಲದಿಂದ ಎಷ್ಟರವರೆಗೆ, ಈಗ ಸ್ಟಾಕಿನಲ್ಲಿರುವ ಲಾಟ್ ಯಾವುದು, 20 ಮೈಕ್ರೋಲೀಟರ್‌ನ ಟ್ರಯಲ್ ಪ್ಯಾಕ್ ಇದೆಯೇ. ‘ಇಮ್ಯುನೋಜೆನ್ ಗೌಪ್ಯ’ ಎಂದರೆ ಕೊನೆಗೆ ಒಳಭಾಗವೋ ಹೊರಭಾಗವೋ ಎಂದಾದರೂ ಹೇಳಿಸಿಕೊಳ್ಳಿ. ಬೆಂಗಳೂರಿನಿಂದ ಪಾರ್ಸೆಲ್ ಸೋಮವಾರ ಅಥವಾ ಮಂಗಳವಾರ ಹೊರಡಲಿ. ಶುಕ್ರವಾರ ಹೊರಟದ್ದು ಶನಿವಾರ ಸಂಜೆ ಕೊರಿಯರ್ ಗೋದಾಮಿಗೆ ಬಂದು ಭಾನುವಾರವಿಡೀ ಅಲ್ಲೇ ಬೇಯುತ್ತದೆ. ಡಬ್ಬಿ ತೆರೆದ ಕೂಡಲೇ ಜೆಲ್ ಪ್ಯಾಕ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ದಿನಾಂಕ ಕಾಣುವಂತೆ ಫೋಟೋ ತೆಗೆದು ಅವತ್ತೇ ಕಳಿಸಿ.